ಯಾರ ಮೈಮೇಲೆ ಪರೀಕ್ಷೆ, ಯಾರ ಕೈಗೆ ಮದ್ದು?

ಕಳೆದ ಸಂಚಿಕೆಯಲ್ಲಿ ಔಷಧಿ ಟ್ರಯಲ್‌ಗಳ, ಅಂದರೆ ಹೊಸ ಮದ್ದನ್ನು ಜನರ ಮೇಲೆ ಪರೀಕ್ಷಿಸುವುದರ ಬಗ್ಗೆ ಬಂದ ಒಂದು ಪ್ರಶ್ನೆಗೆ ನಾಲ್ಕೇ ಸಾಲು ಉತ್ತರ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳು ಈ ಸಲ ಇಡೀ ಅಂಕಣ ತುಂಬುವಷ್ಟಿವೆ. ಹೊಸ ಓದುಗರಿಗೆ ಒಂದು ಮಾತು ಹೇಳಬೇಕು. ನಾನು ಡಾಕ್ಟರಲ್ಲ. 30 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು. 11 ವರ್ಷದಿಂದ ಒಂದು ಎಥಿಕ್ಸ್ ಕಮಿಟಿಯಲ್ಲಿ ಜನಸಾಮಾನ್ಯರ ಪರವಾಗಿ ಕೂರುತ್ತಿದ್ದೇನೆ. ಮನುಷ್ಯರ ಮೇಲೆ ಹೊಸ ಔಷಧಿ, ಲಸಿಕೆ ಪರೀಕ್ಷೆ ಮಾಡಬೇಕಾದರೆ ಮೊದಲು ಇಂಥ ಕಮಿಟಿ ಒಪ್ಪಬೇಕು. ಆ ಮೇಜಿನ ಸುತ್ತ ಡಾಕ್ಟರ್‌ಗಳು, ವಕೀಲರು ಇರುತ್ತಾರೆ. ಸೂಜಿ ಚುಚ್ಚಿಸಿಕೊಳ್ಳುವವರ ಕಡೆಯಿಂದ ಕೇಳುವುದು ನನ್ನ ಕೆಲಸ.

ಪ್ರಶ್ನೆ: ನರ್ಸಿಂಗ್ ಮುಗಿಸಿ ಒಂದು ಲಸಿಕೆ ಅಧ್ಯಯನದಲ್ಲಿ ಕೆಲಸಕ್ಕೆ ಸೇರಿದ್ದೇನೆ. ಕನ್ಸೆಂಟ್ ಫಾರಂ (ಒಪ್ಪಿಗೆ ಪತ್ರ) 14 ಪುಟ ಇದೆ. ಯಾರೂ ಓದುವುದಿಲ್ಲ. "ನೀವು ಹೇಳಿದ್ರೆ ಸರಿ ಸಿಸ್ಟರ್, ಎಲ್ಲಿ ಸಹಿ ಹಾಕ್ಲಿ?" ಅಂತಾರೆ. ಹಾಕಿಸಿಕೊಂಡು ಬರುತ್ತೇನೆ. ರಾತ್ರಿ ಮನಸ್ಸಿಗೆ ಕಸಿವಿಸಿ. ನಾನು ತಪ್ಪು ಮಾಡ್ತಿದ್ದೀನಾ ಮೇಡಂ?

ಉತ್ತರ: ಆ ಕಸಿವಿಸಿಯನ್ನು ಬಿಡಬೇಡಿ. ಎಷ್ಟೋ ಜನರಿಗೆ ಅದು ಮೊದಲ ತಿಂಗಳಲ್ಲೇ ಹೊರಟುಹೋಗುತ್ತದೆ. ತಪ್ಪು ನಿಮ್ಮೊಬ್ಬರದಲ್ಲ. 14 ಪುಟ ಬರೆದವರದ್ದೂ ಹೌದು, ಅದಕ್ಕೆ ಒಪ್ಪಿಗೆ ಕೊಟ್ಟ ನನ್ನಂಥವರದ್ದೂ ಹೌದು.

ನಾನು ಕಮಿಟಿ ಸೇರಿದ ಮೊದಲ ಸಭೆ ಇನ್ನೂ ಕಣ್ಣ ಮುಂದಿದೆ. ನನ್ನ ಮುಂದೆ ಒಂದು ಕನ್ನಡ ಫಾರಂ ಇಟ್ಟರು. ಮೂರನೇ ಪುಟದಲ್ಲಿ ಹೀಗಿತ್ತು: "ಭಾಗೀದಾರರನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳ ಪೈಕಿ ಒಂದಕ್ಕೆ ನಿಯೋಜಿಸಲಾಗುವುದು." ಕನ್ನಡ ಟೀಚರ್ ಆಗಿದ್ದ ನಾನೇ ಅದನ್ನು ಎರಡು ಸಲ ಓದಬೇಕಾಯಿತು. ಹಾಗಂದ್ರೇನು ಎಂದು ಕೇಳಿದೆ. ಎದುರಿಗಿದ್ದ ಡಾಕ್ಟರ್ ಸಲೀಸಾಗಿ ಹೇಳಿದರು: "ಯಾರಿಗೆ ಹೊಸ ಮದ್ದು, ಯಾರಿಗೆ ಹಳೇ ಮದ್ದು ಅಂತ ನಾವು ಆರಿಸೋದಿಲ್ಲ ಮೇಡಂ. ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತೆ." ಇಷ್ಟು ಚೆನ್ನಾಗಿ ಹೇಳಬಲ್ಲವರು ಫಾರಂನಲ್ಲಿ ಹಾಗೇಕೆ ಬರೆದರು? ಅವರು ಬರೆದೇ ಇರಲಿಲ್ಲ. ಇಂಗ್ಲಿಷ್ ಫಾರಂ ಹೊರದೇಶದಿಂದ ಬಂದಿತ್ತು. ಅನುವಾದದ ಏಜೆನ್ಸಿಯೊಂದು ಕನ್ನಡ ಮಾಡಿ ಕಳಿಸಿತ್ತು. ಆ ಕನ್ನಡವನ್ನು ನಮಗಿಂತ ಮೊದಲು ಯಾರೂ ಒಮ್ಮೆಯೂ ಗಟ್ಟಿಯಾಗಿ ಓದಿರಲಿಲ್ಲ. ಡಾಕ್ಟರ್ ಬಾಯಲ್ಲಿ ಬಂದ ಮಾತನ್ನೇ ಬರೆಸಿದೆವು.

ಅದೇ ಫಾರಂನಲ್ಲಿ "ಪ್ರತಿಕೂಲ ಘಟನೆಗಳು ಸಂಭವಿಸಬಹುದು" ಎಂದಿತ್ತು. ವಾಂತಿ, ಜ್ವರ, ಮೈಮೇಲೆ ಗಂಧೆ ಏಳಬಹುದು ಎಂದು ಬರೆಯಿರಿ ಅಂದೆ. "ಹುಸಿ ಔಷಧಿ" ಎಂಬ ಪದವನ್ನು ತೆಗೆಸುವುದಕ್ಕೆ ಮೂರು ಸಭೆ ಬೇಕಾಯಿತು. ಹುಸಿ ಅಂದರೆ ಮೋಸ ಎಂದೇ ಜನ ತಿಳಿಯುತ್ತಾರೆ. "ನೋಡುವುದಕ್ಕೆ ಮಾತ್ರೆಯ ಹಾಗೇ ಇರುತ್ತದೆ, ಒಳಗೆ ಮದ್ದು ಇರುವುದಿಲ್ಲ" ಎಂದರೆ ಎಲ್ಲರಿಗೂ ತಿಳಿಯುತ್ತದೆ. ಆಮೇಲೆ "ಹಾಗಾದ್ರೆ ನನಗೆ ಅದೇ ಸಿಕ್ಕಿದ್ರೆ?" ಎಂಬ ಪ್ರಶ್ನೆಯೂ ತಾನಾಗಿ ಬರುತ್ತದೆ. ಆ ಪ್ರಶ್ನೆ ಬರಲೇಬೇಕು.

ಈಗ ನಿಮ್ಮ ಕೆಲಸದ ಮಾತು. ಫಾರಂ ಬದಲಾಯಿಸುವುದು ನಿಮ್ಮ ಕೈಯಲ್ಲಿಲ್ಲ, ಹೇಳುವ ರೀತಿ ಇದೆ. ಹೇಳಿ ಮುಗಿಸಿ "ಅರ್ಥ ಆಯ್ತಾ?" ಎಂದು ಕೇಳಬೇಡಿ. ಎಲ್ಲರೂ ಹೂಂ ಅಂತಾರೆ. "ಮನೆಗೆ ಹೋದ್ಮೇಲೆ ಇದೇನು ಅಂತ ಅತ್ತೆ ಕೇಳಿದ್ರೆ ಏನು ಹೇಳ್ತೀರಿ?" ಎಂದು ಕೇಳಿ. "ಆಸ್ಪತ್ರೆಯವರು ಒಳ್ಳೇ ಲಸಿಕೆ ಕೊಡ್ತಿದ್ದಾರೆ" ಅಂದರೆ ನಿಮ್ಮ ಮಾತು ಮುಟ್ಟಿಲ್ಲ, ಮತ್ತೆ ಹೇಳಿ. "ಇದು ಕೆಲಸ ಮಾಡುತ್ತಾ ಅಂತ ನೋಡ್ತಿದ್ದಾರೆ, ಬೇಡ ಅನ್ಸಿದ್ರೆ ಬಿಡಬಹುದು, ಬಿಟ್ರೂ ಮಾಮೂಲಿ ಚಿಕಿತ್ಸೆ ನಿಲ್ಲಲ್ಲ" ಅಂದರೆ ಸಹಿ ಹಾಕಿಸಿಕೊಳ್ಳಿ. ಸಾಧ್ಯವಾದರೆ ಫಾರಂ ಹಿಂದಿನ ದಿನವೇ ಕೊಡಿ, ಮನೆಯವರ ಜೊತೆ ಮಾತಾಡಿಕೊಂಡು ಬರಲಿ. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ಒಬ್ಬ ಸಾಕ್ಷಿ ಇರಬೇಕು. ಆ ಸಾಕ್ಷಿ ನಿಮ್ಮ ತಂಡದವರಾಗಿರಬಾರದು. ಇಲ್ಲಿ ಜಾಸ್ತಿ ಕಡೆ ಜಾರುತ್ತಾರೆ. ಪಕ್ಕದ ಟೇಬಲ್ಲಿನ ಸಹೋದ್ಯೋಗಿಯನ್ನೇ ಕರೆದು ಸಹಿ ಹಾಕಿಸಿಬಿಡುತ್ತಾರೆ.

ಸಹಿಯನ್ನು ಸುಮ್ನೆ ಶಾಸ್ತ್ರಕ್ಕೆ ಹಾಕಿಸಿದರೆ ಏನಾಗುತ್ತದೆ ಎನ್ನುವುದಕ್ಕೆ 2009ರ ಎಚ್‌ಪಿವಿ ಲಸಿಕೆಯ ಕತೆ ಇದೆ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆ ಅದು. ಪಾತ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಆಂಧ್ರದ ಖಮ್ಮಂ (ಈಗ ಅದು ತೆಲಂಗಾಣಕ್ಕೆ ಸೇರಿದೆ) ಮತ್ತು ಗುಜರಾತಿನ ವಡೋದರದಲ್ಲಿ ಸುಮಾರು 24 ಸಾವಿರ ಹುಡುಗಿಯರಿಗೆ ಅದನ್ನು ಕೊಡುವ ಅಧ್ಯಯನ ನಡೆಸಿತು. ಖಮ್ಮಂನ ಹಾಸ್ಟೆಲ್‌ಗಳಲ್ಲಿ ಎಷ್ಟೋ ಹುಡುಗಿಯರ ಫಾರಂಗೆ ಅಪ್ಪ ಅಮ್ಮನ ಬದಲು ವಾರ್ಡನ್‌ಗಳೇ ಸಹಿ ಹಾಕಿದ್ದರು. ಕೆಲವು ಹುಡುಗಿಯರು ತೀರಿಕೊಂಡ ಸುದ್ದಿ ಹೊರಬಂದಾಗ, 2010ರ ಏಪ್ರಿಲ್‌ನಲ್ಲಿ ಎಲ್ಲ ನಿಂತಿತು. ಆ ಸಾವುಗಳಿಗೂ ಲಸಿಕೆಗೂ ಸಂಬಂಧ ಕಾಣುವುದಿಲ್ಲ ಎಂದು ತನಿಖಾ ಸಮಿತಿ ಹೇಳಿತು. ಆದರೆ ಒಪ್ಪಿಗೆ ಪಡೆದ ರೀತಿ ಸರಿಯಿಲ್ಲ ಎಂದೂ ಹೇಳಿತು. 2013ರಲ್ಲಿ ಸಂಸತ್ತಿನ ಸಮಿತಿ ಇನ್ನೂ ಕಟುವಾಗಿ ಬರೆಯಿತು. ಲಸಿಕೆ ಒಳ್ಳೆಯದೇ ಆಗಿತ್ತು. ಕೇಳದೆ ಕೊಟ್ಟಿದ್ದರಿಂದ ಆ ಒಳ್ಳೆಯ ಲಸಿಕೆಯ ಮೇಲೇ ಜನಕ್ಕೆ ವರ್ಷಗಟ್ಟಲೆ ಅನುಮಾನ ಉಳಿಯಿತು. ಸಹಿ ಹಾಕದೆ ಹೋದ ಆ ತಾಯಂದಿರನ್ನು ನಾನು ಯಾವತ್ತೂ ನೋಡಿಲ್ಲ. ಆದರೂ ಪ್ರತಿ ಸಭೆಯಲ್ಲಿ ನೆನೆಯುತ್ತೇನೆ.

ಪ್ರಶ್ನೆ: ಶ್ರೀಮಂತ ದೇಶದ ಕಂಪನಿಗಳು ಬಡ ದೇಶದವರನ್ನು ಪ್ರಯೋಗದ ಇಲಿಗಳ ಹಾಗೆ ಬಳಸುತ್ತವೆ. ಇಂಥ ಪರೀಕ್ಷೆಗಳನ್ನೇ ನಿಲ್ಲಿಸಬೇಕು. ಅದಕ್ಕೆ ಒಪ್ಪಿಗೆ ಕೊಡುವ ಕಮಿಟಿಯಲ್ಲಿ ನೀವು ಕೂರುತ್ತೀರಲ್ಲ, ಹೇಗೆ ಮನಸ್ಸು ಬರುತ್ತದೆ?

ಉತ್ತರ: ನಿಮ್ಮ ಸಿಟ್ಟಿಗೆ ಕಾರಣ ಇದೆ. ಮೊದಲು ಅದನ್ನೇ ಹೇಳುತ್ತೇನೆ.

1996ರಲ್ಲಿ ಆಫ್ರಿಕಾದಲ್ಲಿ ಮಿದುಳು ಪೊರೆಯ ಉರಿಯೂತ, ಅಂದರೆ ಮೆನಿಂಜೈಟಿಸ್, ದೊಡ್ಡದಾಗಿ ಹಬ್ಬಿತು. ನೈಜೀರಿಯಾದ ಕಾನೋ ನಗರದ ಆಸ್ಪತ್ರೆಯಲ್ಲಿ ಮಕ್ಕಳು ಸಾಲುಸಾಲಾಗಿ ಮಲಗಿದ್ದರು. ಫೈಜರ್ ಕಂಪನಿಯ ತಂಡ ಅಲ್ಲಿಗೆ ಹೋಗಿ 200 ಮಕ್ಕಳನ್ನು ಟ್ರಯಲ್‌ಗೆ ಸೇರಿಸಿಕೊಂಡಿತು. 100 ಮಕ್ಕಳಿಗೆ ಟ್ರೊವನ್ ಎಂಬ ತನ್ನ ಹೊಸ ಮದ್ದು, ಇನ್ನು 100 ಮಕ್ಕಳಿಗೆ ಆಗಲೇ ಬಳಕೆಯಲ್ಲಿದ್ದ ಸೆಫ್‌ಟ್ರಿಯಾಕ್ಸೋನ್. 11 ಮಕ್ಕಳು ಸತ್ತರು. ಟ್ರೊವನ್ ಪಡೆದವರಲ್ಲಿ 5, ಇನ್ನೊಂದು ಗುಂಪಿನಲ್ಲಿ 6. ಕೆಲವು ಮಕ್ಕಳ ಕಿವಿ ಹೋಯಿತು, ಕೈಕಾಲು ಬಿದ್ದವು. ಇದು ಪರೀಕ್ಷೆ ಎಂದು ನಮಗೆ ಯಾರೂ ಹೇಳಲೇ ಇಲ್ಲ ಎಂದು ಹೆತ್ತವರು ಕೋರ್ಟಿಗೆ ಹೋದರು. ಅದೇ ಆಸ್ಪತ್ರೆಯ ಆವರಣದಲ್ಲಿ ಗಡಿಯಿಲ್ಲದ ವೈದ್ಯರ ಸಂಸ್ಥೆ ಎಂಎಸ್‌ಎಫ್ ಮಾಮೂಲಿ ಮದ್ದನ್ನು ಪುಕ್ಕಟೆ ಕೊಡುತ್ತಿತ್ತು. ಆ ಟೆಂಟಿಗೂ ಹೋಗಬಹುದು ಎಂದು ಒಬ್ಬರು ಹೇಳಿದ್ದರೆ ಸಾಕಿತ್ತು. ಇನ್ನೊಂದು ವಿಷಯ ಓದಿದಾಗ ನನಗೆ ಕೈ ನಡುಗಿತು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಎಂದು ತೋರಿಸಿದ ಪತ್ರ ಆಮೇಲೆ ಹಳೇ ದಿನಾಂಕ ಹಾಕಿ ಬರೆದದ್ದು. ಟ್ರಯಲ್ ನಡೆದಾಗ ಆ ಆಸ್ಪತ್ರೆಯಲ್ಲಿ ಅಂಥ ಕಮಿಟಿಯೇ ಇರಲಿಲ್ಲ. ಕಂಪನಿ ತಪ್ಪು ಒಪ್ಪಿಕೊಳ್ಳಲಿಲ್ಲ. 2009ರಲ್ಲಿ ಕಾನೋ ರಾಜ್ಯದ ಜೊತೆ 7.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು.

ಅಲ್ಲಿಗೇ ಮುಗಿಯಲಿಲ್ಲ. 2003ರಲ್ಲಿ ಕಾನೋದಲ್ಲಿ ಪೋಲಿಯೊ ಹನಿಯೇ ಬೇಡ ಎಂದರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಟ್ರೊವನ್ ನೆನಪು ಎಲ್ಲರ ಮನಸ್ಸಲ್ಲಿತ್ತು. ಅಲ್ಲಿಂದ ಪೋಲಿಯೊ ಮತ್ತೆ ಹಲವು ದೇಶಗಳಿಗೆ ಹೋಯಿತು. ಟ್ರೊವನ್ ಹೆಸರೇ ಕೇಳದ ಮಕ್ಕಳ ಕಾಲು ಹೋಯಿತು.

ಇನ್ನು ನನ್ನ ಉತ್ತರ. 1996–97ರ ಅದೇ ಮೆನಿಂಜೈಟಿಸ್‌ನಲ್ಲಿ ಸುಮಾರು 2.5 ಲಕ್ಷ ಜನ ಕಾಯಿಲೆ ಬಿದ್ದರು, 25 ಸಾವಿರ ಜನ ಸತ್ತರು. ಇದಕ್ಕೆ ಒಂದು ಲಸಿಕೆ ಬೇಕು ಎಂದು ಆಫ್ರಿಕಾದ ದೇಶಗಳೇ ಕೇಳಿದವು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಪಾತ್ ಸೇರಿ ಕೆಲಸ ಶುರು ಮಾಡಿದವು. ಹೌದು, ಖಮ್ಮಂನಲ್ಲಿ ಎಡವಿದ ಅದೇ ಪಾತ್. ಅವರು ಲ್ಯಾಬಿಗೆ ಹೋಗುವ ಮೊದಲು ಆರೋಗ್ಯ ಮಂತ್ರಿಗಳ, ಅಧಿಕಾರಿಗಳ ಹತ್ತಿರ ಹೋದರು. ಎಷ್ಟು ಬೆಲೆಯಾದರೆ ನೀವು ಕೊಳ್ಳಬಹುದು ಎಂದು ಕೇಳಿದರು. ಒಂದು ಡೋಸಿಗೆ 50 ಸೆಂಟ್ಸ್ ಒಳಗಿರಬೇಕು ಎಂಬ ಉತ್ತರ ಬಂತು. ಆ ಬೆಲೆಗೆ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಲಸಿಕೆ ಮಾಡಿತು. ಭಾರತ, ಮಾಲಿ, ಗ್ಯಾಂಬಿಯಾ, ಸೆನೆಗಲ್‌ಗಳಲ್ಲಿ ಟ್ರಯಲ್ ನಡೆಯಿತು. ಅಲ್ಲೂ ಸೂಜಿ ಚುಚ್ಚಿಸಿಕೊಂಡವರು ಬಡ ದೇಶದ ಜನರೇ. 2010ರ ಡಿಸೆಂಬರ್‌ನಲ್ಲಿ ಬುರ್ಕಿನಾ ಫಾಸೊದಲ್ಲಿ ಮೊದಲು ಎಲ್ಲರಿಗೂ ಕೊಡಲು ಶುರು ಮಾಡಿದರು. ಈಗ 30 ಕೋಟಿಗೂ ಜಾಸ್ತಿ ಜನ ಅದನ್ನು ಪಡೆದಿದ್ದಾರೆ. ಆ ಭಾಗದಲ್ಲಿ, ಈ ಲಸಿಕೆ ತಡೆಯುವ ಎ ಗುಂಪಿನ ಮೆನಿಂಜೈಟಿಸ್ ಹೆಚ್ಚುಕಡಿಮೆ ಕಾಣೆಯಾಗಿದೆ.

ಕಾಯಿಲೆ ಅದೇ, ನೆಲವೂ ಅದೇ. ಒಂದು ಕಡೆ ಹೊರಗಿನವರು ತಮ್ಮ ಮದ್ದಿಗೆ ರೋಗಿಗಳನ್ನು ಹುಡುಕಿಕೊಂಡು ಹೋದರು. ಇನ್ನೊಂದು ಕಡೆ ರೋಗ ಅನುಭವಿಸಿದವರೇ ಮದ್ದು ಬೇಕೆಂದರು, ಬೆಲೆಯನ್ನೂ ಅವರೇ ಹೇಳಿದರು. ಪರೀಕ್ಷೆಗಳನ್ನೇ ನಿಲ್ಲಿಸಿಬಿಟ್ಟರೆ ನೆಗಡಿಗೆ ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ಶ್ರೀಮಂತ ದೇಶದಲ್ಲಿ ಇಲ್ಲದ ರೋಗಕ್ಕೆ ಅಲ್ಲಿ ಯಾರು ಮದ್ದು ಹುಡುಕುತ್ತಾರೆ? ಇದ್ದ ಮದ್ದೂ ಎಲ್ಲ ಕಡೆ ಒಂದೇ ಥರ ಕೆಲಸ ಮಾಡುವುದಿಲ್ಲ. ಮಕ್ಕಳ ಭೇದಿ ತಡೆಯುವ ರೋಟಾವೈರಸ್ ಲಸಿಕೆ ಬಡ ದೇಶಗಳಲ್ಲಿ ಅಷ್ಟು ಬಲವಾಗಿ ಕೆಲಸ ಮಾಡುವುದಿಲ್ಲ. ಅದು ಗೊತ್ತಾದದ್ದು ಆ ದೇಶಗಳಲ್ಲೇ ಪರೀಕ್ಷೆ ಮಾಡಿದ್ದರಿಂದ.

ಎಲ್ಲ ಪ್ರಶ್ನೆಗೂ ನನ್ನ ಹತ್ತಿರ ಹೀಗೆ ಸಲೀಸು ಉತ್ತರ ಇದೆ ಎಂದುಕೊಳ್ಳಬೇಡಿ. ಒಂದು ಪ್ರಕರಣ ಇವತ್ತಿಗೂ ನನ್ನನ್ನು ಕಾಡುತ್ತದೆ. 1994ರಲ್ಲಿ ಎಝಡ್‌ಟಿ ಎಂಬ ಮದ್ದು ಎಚ್‌ಐವಿ ಇರುವ ಬಸುರಿಯಿಂದ ಮಗುವಿಗೆ ಸೋಂಕು ಹೋಗುವುದನ್ನು ಮೂರರಲ್ಲಿ ಎರಡು ಪಾಲು ತಗ್ಗಿಸುತ್ತದೆ ಎಂದು ಗೊತ್ತಾಯಿತು. ಆದರೆ ಆ ಚಿಕಿತ್ಸೆ ಉದ್ದ, ದುಬಾರಿ. ಕಡಿಮೆ ದಿನ ಕೊಟ್ಟರೆ ಆಗುತ್ತದಾ ಎಂದು ಆಫ್ರಿಕಾ, ಥಾಯ್ಲೆಂಡ್‌ಗಳಲ್ಲಿ ಪರೀಕ್ಷೆ ಶುರುವಾಯಿತು. ಅಲ್ಲಿ ಅರ್ಧದಷ್ಟು ತಾಯಂದಿರಿಗೆ ಕೊಟ್ಟದ್ದು ಮದ್ದಿಲ್ಲದ ಮಾತ್ರೆ. ಬದುಕಿಸುವ ಮದ್ದು ಇದೆ ಎಂದು ಗೊತ್ತಿದ್ದೂ ಹೀಗೆ ಮಾಡಬಹುದೇ ಎಂದು 1997ರಲ್ಲಿ ದೊಡ್ಡ ಜಗಳವೇ ಆಯಿತು. ಮಾಡಿದವರ ಮಾತಲ್ಲೂ ಹುರುಳಿತ್ತು. ಆ ತಾಯಂದಿರಿಗೆ ಹೇಗೂ ಏನೂ ಸಿಗುತ್ತಿರಲಿಲ್ಲ, ಉತ್ತರ ಬೇಗ ಬೇಕಿತ್ತು ಅಂದರು. 1998ರಲ್ಲಿ ಥಾಯ್ಲೆಂಡಿನಿಂದ ಉತ್ತರ ಬಂತು. ಕಡಿಮೆ ದಿನದ ಮದ್ದೂ ಸೋಂಕನ್ನು ಅರ್ಧಕ್ಕೆ ಇಳಿಸುತ್ತಿತ್ತು. ಅದರಿಂದ ಲೆಕ್ಕವಿಲ್ಲದಷ್ಟು ಮಕ್ಕಳಿಗೆ ಒಳ್ಳೆಯದಾಯಿತು, ನಿಜ. ಆದರೂ ಆ ಫೈಲು ನನ್ನ ಮೇಜಿಗೆ ಬಂದಿದ್ದರೆ ಸಹಿ ಹಾಕುತ್ತಿರಲಿಲ್ಲ. "ಅವರಿಗೆ ಹೇಗೂ ಸಿಗ್ತಿರಲಿಲ್ಲ" ಎನ್ನುವ ಮಾತನ್ನು ಒಮ್ಮೆ ಒಪ್ಪಿದರೆ ಬಡವರ ಮೇಲೆ ಏನು ಬೇಕಾದರೂ ಮಾಡಬಹುದು. ಡಾಕ್ಟರ್‌ಗಳ ಅಂತಾರಾಷ್ಟ್ರೀಯ ನಿಯಮವಾದ ಹೆಲ್ಸಿಂಕಿ ಘೋಷಣೆ 1964ರದ್ದು. 2000ದಲ್ಲಿ ಅದನ್ನು ತಿದ್ದುವಾಗ, ಹೊಸ ಮದ್ದನ್ನು ಈಗಿರುವ ಅತ್ಯುತ್ತಮ ಮದ್ದಿನ ಜೊತೆ ಹೋಲಿಸಬೇಕು ಎಂಬ ಮಾತನ್ನು ಬಿಗಿಮಾಡಿದರು. ಆ ಜಗಳ ಪೂರ್ತಿ ವ್ಯರ್ಥವಾಗಲಿಲ್ಲ.

ಪ್ರಶ್ನೆ: ಟ್ರಯಲ್‌ಗೆ ಬಂದವರಿಗೆ ದುಡ್ಡು ಕೊಡುವುದು ಲಂಚ ಅಲ್ವಾ?

ಉತ್ತರ: ಬಸ್ ಚಾರ್ಜು, ಆ ದಿನ ಕಳೆದುಕೊಂಡ ಕೂಲಿ ಕೊಡಲೇಬೇಕು. ಕೊಡದಿದ್ದರೆ ಬಡವರೇ ಕಂಪನಿಗೆ ದಾನ ಮಾಡಿದ ಹಾಗೆ. ಆದರೆ ದುಡ್ಡಿನ ಆಸೆಗೆ ಅಪಾಯವನ್ನೇ ಮರೆಯುವಷ್ಟು ಕೊಡಬಾರದು. ನಾನು ನೋಡುವುದು ಇನ್ನೊಂದು ವಿಷಯ: ದುಡ್ಡು ಯಾವಾಗ ಕೊಡುತ್ತಾರೆ? ಕೊನೆಯಲ್ಲಿ ಒಟ್ಟಿಗೆ ಕೊಡುತ್ತೇವೆ ಅಂದರೆ, ನಡುವೆ ಬಿಟ್ಟುಹೋಗಲು ಮನಸ್ಸಾದವರೂ ಹೋಗುವುದಿಲ್ಲ. ಬಂದ ಸಲಕ್ಕೆ ಅಷ್ಟು ಎಂದು ಕೊಡಬೇಕು. ಟ್ರಯಲ್‌ನಿಂದ ಮೈಗೆ ತೊಂದರೆಯಾದರೆ ಅದರ ಚಿಕಿತ್ಸೆ, ಪರಿಹಾರ ಬೇರೆಯೇ. ಅದನ್ನು ಈ ದುಡ್ಡಿನ ಜೊತೆ ಸೇರಿಸಬಾರದು.

ಪ್ರಶ್ನೆ: ನಾನು ಪಿಎಚ್‌ಡಿ ಮಾಡುತ್ತಿದ್ದೇನೆ. ಎರಡು ವರ್ಷ ಮನೆಮನೆ ತಿರುಗಿ ರಕ್ತದ ಸ್ಯಾಂಪಲ್ ಸಂಗ್ರಹಿಸಿದೆ. ಹೊರದೇಶದ ಪ್ರೊಫೆಸರ್ ಅದನ್ನು ತಮ್ಮ ಲ್ಯಾಬಿಗೆ ತರಿಸಿಕೊಂಡು ಸಂಶೋಧನಾ ಪೇಪರ್ ಬರೆದರು. ನನ್ನ ಹೆಸರು ಕೊನೆಯ ಧನ್ಯವಾದದ ಸಾಲಿನಲ್ಲಿದೆ. ರಕ್ತ ಕೊಟ್ಟವರು ರಿಪೋರ್ಟ್ ಎಲ್ಲಿ ಎಂದು ನನ್ನನ್ನೇ ಕೇಳುತ್ತಾರೆ.

ಉತ್ತರ: ಓದಿ ಬೇಜಾರಾಯಿತು. ಇಂಥ ಸಂಶೋಧನೆಗೆ ಹೆಲಿಕಾಪ್ಟರ್ ಸಂಶೋಧನೆ ಎಂದೇ ಹೆಸರಿದೆ. ಮೇಲಿಂದ ಇಳಿದು, ಬೇಕಾದ್ದು ತುಂಬಿಕೊಂಡು, ಹಾರಿಹೋಗುವುದು.

ಇಂಥದಕ್ಕೆ ಒಂದು ದೇಶವೇ ಎದ್ದು ನಿಂತಿತ್ತು. ಹಕ್ಕಿಜ್ವರ ಹಬ್ಬಿದ್ದಾಗ ಇಂಡೊನೇಷ್ಯಾ ತನ್ನ ವೈರಸ್ ಸ್ಯಾಂಪಲ್‌ಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಜಾಲಕ್ಕೆ ಕಳಿಸುತ್ತಿತ್ತು. ಅದರಿಂದ ಮಾಡಿದ ಲಸಿಕೆಯನ್ನು ತನಗೇ ಕೊಳ್ಳಲಾಗದ ಬೆಲೆಗೆ ಮಾರುತ್ತಾರೆ ಎಂದು ಗೊತ್ತಾದಾಗ, 2007ರಲ್ಲಿ ಕಳಿಸುವುದನ್ನು ನಿಲ್ಲಿಸಿತು. ಆಗಿನ ಆರೋಗ್ಯ ಮಂತ್ರಿ ಸಿತಿ ಫಾದಿಲಾ ಸುಪಾರಿ ಅವರನ್ನು ಬೈದವರು ಬಹಳ. ಆದರೆ 2011ರಲ್ಲಿ, ಸ್ಯಾಂಪಲ್ ಕೊಟ್ಟವರಿಗೆ ಲಸಿಕೆಯಲ್ಲಿ ಪಾಲು ಸಿಗಬೇಕು ಎಂಬ ಒಪ್ಪಂದ ವಿಶ್ವ ಆರೋಗ್ಯ ಸಂಸ್ಥೆಯಲ್ಲೇ ಬಂತು.

ನನಗೆ ಇನ್ನೂ ಇಷ್ಟವಾದದ್ದು ದಕ್ಷಿಣ ಆಫ್ರಿಕಾದ ಸಾನ್ ಜನರ ಕತೆ. ಬೇಟೆಗೆ ಹೋದಾಗ ಹಸಿವು ತಡೆಯಲು ಅವರು ಹೂಡಿಯಾ ಎಂಬ ಗಿಡ ಅಗಿಯುತ್ತಿದ್ದರು. 1996ರಲ್ಲಿ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆ ಆ ಗುಣಕ್ಕೆ ಪೇಟೆಂಟ್ ಮಾಡಿಸಿತು. ಸಾನ್ ಜನರನ್ನು ಒಂದು ಮಾತು ಕೇಳಲಿಲ್ಲ. ಅವರು ಹೋರಾಡಿ 2003ರಲ್ಲಿ ಪಾಲಿನ ಒಪ್ಪಂದ ಮಾಡಿಸಿಕೊಂಡರು. 2017ರಲ್ಲಿ ತಮ್ಮದೇ ಸಂಶೋಧನಾ ನಿಯಮ ಬರೆದರು. ನಮ್ಮ ಹತ್ತಿರ ಬರುವವರು ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇಟ್ಟುಕೊಂಡು ಬರಲಿ ಎಂದರು. ಅದರಲ್ಲೇ ಇನ್ನೊಂದು ಮಾತಿದೆ: ನಮ್ಮ ಜೊತೆ ಆಡುವ ಭಾಷೆ ತಿಳಿಯಾಗಿರಬೇಕು, ಪಂಡಿತರ ಭಾಷೆ ಆಗಬಾರದು. ಯಾದೃಚ್ಛಿಕದ ಜೊತೆ ಗುದ್ದಾಡಿದ ನನಗೆ ಅದನ್ನು ಓದಿ ಎಷ್ಟು ಸಮಾಧಾನವಾಯಿತೋ.

ನಿಮಗೆ ಎರಡು ಮಾತು. ಆದ ಪೇಪರ್ ಬಗ್ಗೆ, ಅದು ಅಚ್ಚಾದ ಸಂಶೋಧನಾ ಪತ್ರಿಕೆಯ ಸಂಪಾದಕರಿಗೆ ನಿಮ್ಮ ಗೈಡ್ ಮೂಲಕ ಬರೆಯಿರಿ. ಕೆಲಸದಲ್ಲಿ ನಿಮ್ಮ ಪಾಲೇನು ಎಂದು ದಿನಾಂಕ ಸಮೇತ ಹೇಳಿ. ಮುಂದಿನ ಸಲ ಮೊದಲ ಸೂಜಿ ಚುಚ್ಚುವ ಮೊದಲೇ ಸ್ಯಾಂಪಲ್ ಯಾರದ್ದು, ಉಳಿದದ್ದು ಎಲ್ಲಿಗೆ ಹೋಗುತ್ತದೆ, ಲೇಖಕರು ಯಾರ್ಯಾರು ಎಂದು ಕಾಗದದಲ್ಲಿ ಬರೆಸಿಕೊಳ್ಳಿ. ಭಾರತದಲ್ಲಿ ಹೊರದೇಶದವರ ಜೊತೆ ಆರೋಗ್ಯ ಸಂಶೋಧನೆ ಮಾಡಲು ಆರೋಗ್ಯ ಸಚಿವಾಲಯದ ಸ್ಕ್ರೀನಿಂಗ್ ಕಮಿಟಿಯ ಒಪ್ಪಿಗೆ ಬೇಕು. ನಿಮ್ಮ ಅಧ್ಯಯನಕ್ಕೆ ಅದು ಸಿಕ್ಕಿತ್ತಾ, ನೋಡಿ. ಮತ್ತೆ, ದಯವಿಟ್ಟು, ಆ ಮನೆಗಳಿಗೆ ಇನ್ನೊಮ್ಮೆ ಹೋಗಿ. ಏನು ಗೊತ್ತಾಯಿತು ಎಂದು ಕೂತು ಹೇಳಿ. ಅದಕ್ಕೆ ಪ್ರೊಫೆಸರ್ ಅಪ್ಪಣೆ ಬೇಕಿಲ್ಲ.

ಪ್ರಶ್ನೆ: ನಮ್ಮ ತಾಯಿ ಒಂದು ಟ್ರಯಲ್‌ನಲ್ಲಿದ್ದರು. ಹೊಸ ಮದ್ದಿನಿಂದ ನಡೆಯುವಂತಾದರು. ಟ್ರಯಲ್ ಮುಗಿಯಿತು, ಮದ್ದು ನಿಂತಿತು. ಮತ್ತೆ ಹಾಸಿಗೆ ಹಿಡಿದಿದ್ದಾರೆ. ಕೇಳಿದರೆ "ಅಧ್ಯಯನ ಮುಗಿದಿದೆ" ಅಂತಾರೆ.

ಉತ್ತರ: ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂದ ಹಾಗಾಯಿತು ಇದು. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ.

ಮೊದಲು ಮಾಡಬೇಕಾದ್ದು ಹೇಳುತ್ತೇನೆ. ತಾಯಿ ಸಹಿ ಹಾಕಿದ ಫಾರಂನ ಪ್ರತಿ ಮನೆಯಲ್ಲಿರಬೇಕು, ಹುಡುಕಿ. ಅಧ್ಯಯನ ಮುಗಿದ ಮೇಲೆ ಮದ್ದಿನ ಬಗ್ಗೆ ಏನು ಬರೆದಿದೆ ನೋಡಿ. ಅದರಲ್ಲೇ ಎಥಿಕ್ಸ್ ಕಮಿಟಿಯವರ ಫೋನ್ ನಂಬರ್ ಇರುತ್ತದೆ. ಅವರಿಗೆ ಬರವಣಿಗೆಯಲ್ಲಿ ದೂರು ಕೊಡಿ. ಭಾರತದ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿ ಇದಕ್ಕೆ ದಾರಿ ಇದೆ. ಆ ಕಾಯಿಲೆಗೆ ಬೇರೆ ಚಿಕಿತ್ಸೆ ಇಲ್ಲದಿದ್ದು, ಮದ್ದಿನಿಂದ ಗುಣ ಕಂಡಿದ್ದು, ಟ್ರಯಲ್ ಡಾಕ್ಟರ್ ಶಿಫಾರಸು ಮಾಡಿ ಕಮಿಟಿ ಒಪ್ಪಿದರೆ, ಆಮೇಲೂ ಪುಕ್ಕಟೆ ಕೊಡಬಹುದು. ಆ ಡಾಕ್ಟರ್ ಬಾಯಿಬಿಡದಿದ್ದರೆ ಇದು ಶುರುವೇ ಆಗುವುದಿಲ್ಲ. ಅವರನ್ನು ಹೋಗಿ ಕಾಣಿ, ಒಬ್ಬರೇ ಹೋಗಬೇಡಿ.

ಹೆಲ್ಸಿಂಕಿ ಘೋಷಣೆಯೂ ಟ್ರಯಲ್ ಶುರುವಾಗುವ ಮೊದಲೇ ಇದನ್ನು ತೀರ್ಮಾನಿಸಬೇಕು ಎನ್ನುತ್ತದೆ. ಆದರೂ ದೊಡ್ಡದೊಡ್ಡ ಕಡೆಗಳಲ್ಲೇ ಇದು ತಪ್ಪುತ್ತದೆ. 2024ರಲ್ಲಿ ಎಚ್‌ಐವಿ ತಡೆಯುವ ಲೆನಾಕಪಾವಿರ್ ಎಂಬ ಇಂಜೆಕ್ಷನ್ ಸುದ್ದಿಯಾಯಿತು. ವರ್ಷಕ್ಕೆ ಎರಡೇ ಸಲ ತಗೊಂಡರೆ ಸಾಕು. ದಕ್ಷಿಣ ಆಫ್ರಿಕಾ, ಉಗಾಂಡದ 2,134 ಹುಡುಗಿಯರು, ಮಹಿಳೆಯರು ಅದನ್ನು ಪಡೆದರು, ಒಬ್ಬರಿಗೂ ಎಚ್‌ಐವಿ ಬರಲಿಲ್ಲ. ನನಗೆ ಕಣ್ಣಲ್ಲಿ ನೀರೇ ಬಂತು. ಅದನ್ನು ಮಾಡುವ ಕಂಪನಿ 120 ದೇಶಗಳಿಗೆ ಅಗ್ಗದ ಮದ್ದು ಮಾಡಲು ಪರವಾನಗಿ ಕೊಟ್ಟಿತು. ಆ ಪಟ್ಟಿಯಲ್ಲಿ ಬ್ರೆಜಿಲ್, ಅರ್ಜೆಂಟೀನಾ, ಮೆಕ್ಸಿಕೊ, ಪೆರು ಇಲ್ಲ. ಇದೇ ಮದ್ದಿನ ಇನ್ನೊಂದು ಟ್ರಯಲ್ ನಡೆದದ್ದು ಆ ದೇಶಗಳಲ್ಲೂ.

ನಡುನೀರಲ್ಲಿ ಕೈಬಿಟ್ಟದ್ದೂ ಇದೆ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಒಮ್ಮೆಲೇ ತಡೆಹಿಡಿಯಿತು. ಅದರ ದುಡ್ಡಿನಲ್ಲಿ ಬಡ ದೇಶಗಳಲ್ಲಿ ನಡೆಯುತ್ತಿದ್ದ ಎಷ್ಟೋ ಟ್ರಯಲ್‌ಗಳು ಇದ್ದಲ್ಲೇ ನಿಂತವು. ದಕ್ಷಿಣ ಆಫ್ರಿಕಾದಲ್ಲಿ ಪರೀಕ್ಷೆಗೆಂದು ಎಚ್‌ಐವಿ ತಡೆಯುವ ಉಂಗುರವನ್ನು ಮೈಯೊಳಗೆ ಇಟ್ಟುಕೊಂಡಿದ್ದ ಮಹಿಳೆಯರಿದ್ದರು. ಅದನ್ನು ಯಾರು ತೆಗೆಯಬೇಕು, ಆಮೇಲೆ ಯಾರು ನೋಡಿಕೊಳ್ಳಬೇಕು? ಅಂದಿನಿಂದ ನಮ್ಮ ಕಮಿಟಿಗೆ ಬರುವ ಪ್ರತಿ ಫೈಲಿಗೂ ನಾನು ಒಂದು ಪ್ರಶ್ನೆ ಹಾಕುತ್ತೇನೆ: ನಾಳೆ ದುಡ್ಡು ನಿಂತರೆ ಇವರ ಗತಿ ಏನು? ಉತ್ತರ ಬರೆದುಕೊಡುವ ತನಕ ಫೈಲು ಮುಂದೆ ಹೋಗುವುದಿಲ್ಲ.

ಪ್ರಶ್ನೆ: ವಿದೇಶಿ ದುಡ್ಡಿನ ಆರೋಗ್ಯ ಯೋಜನೆಗಳನ್ನು ನಂಬಬಹುದಾ?

ಉತ್ತರ: ಸಿಡುಬು ಈ ಭೂಮಿಯ ಮೇಲೆ ಇಲ್ಲ ಎಂದು 1980ರಲ್ಲಿ ಸಾರಿದರು. ದೇಶಗಳು ಸೇರಿ ದುಡಿಯದೆ ಅದು ಆಗುತ್ತಿರಲಿಲ್ಲ. 2000ದಲ್ಲಿ ಶುರುವಾದ ಗಾವಿ ಎಂಬ ಅಂತಾರಾಷ್ಟ್ರೀಯ ಕೂಟ ಲಸಿಕೆಗಳನ್ನು, 2002ರಲ್ಲಿ ಬಂದ ಗ್ಲೋಬಲ್ ಫಂಡ್ ಎಂಬ ನಿಧಿ ಏಡ್ಸ್, ಟಿಬಿ, ಮಲೇರಿಯಾ ಮದ್ದುಗಳನ್ನು ಕೊಳ್ಳಲಾಗದ ದೇಶಗಳಿಗೆ ಮುಟ್ಟಿಸಿವೆ. ಇದನ್ನು ಅಲ್ಲಗಳೆಯುವುದು ತಪ್ಪು. ನನ್ನ ತಕರಾರು ಒಂದೇ: ಯಾವ ಕಾಯಿಲೆ ಮೊದಲು ಎನ್ನುವುದನ್ನು ದುಡ್ಡು ಕೊಡುವವರು ತೀರ್ಮಾನಿಸುತ್ತಾರೆ. ಒಂದು ಕಾಯಿಲೆಯ ಕೋಣೆಯಲ್ಲಿ ಎಲ್ಲ ಇರುತ್ತದೆ. ಪಕ್ಕದ ಹೆರಿಗೆ ಕೋಣೆಯಲ್ಲಿ ಗ್ಲೌಸ್ ಇರುವುದಿಲ್ಲ.

ನಂಬಿಕೆ ಒಡೆದದ್ದಕ್ಕೆ ಒಂದೇ ಉದಾಹರಣೆ ಸಾಕು. ಒಸಾಮ ಬಿನ್ ಲಾಡೆನ್ ಅಡಗಿದ್ದ ಮನೆಯವರ ಗುರುತು ಹಿಡಿಯಲು, ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎ ಪಾಕಿಸ್ತಾನದ ಅಬೊಟಾಬಾದ್‌ನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ನೆಪ ಹೂಡಿತ್ತು. ಇದು 2011ರಲ್ಲಿ ಹೊರಬಂತು. ಆಮೇಲೆ ಅಲ್ಲಿ ಪೋಲಿಯೊ ಹನಿ ಹಾಕಲು ಹೋದ ಎಷ್ಟೋ ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದರು. ಇನ್ನು ಲಸಿಕೆಯನ್ನು ಬೇಹುಗಾರಿಕೆಗೆ ಬಳಸುವುದಿಲ್ಲ ಎಂದು ಅಮೆರಿಕ ಮಾತು ಕೊಟ್ಟದ್ದು 2014ರಲ್ಲಿ. ಕೈಚೀಲದಲ್ಲಿ ಹನಿ ಹಿಡಿದು ಮನೆಮನೆಗೆ ಹೋಗುವವರಿಗೆ ಜನರ ನಂಬಿಕೆ ಬಿಟ್ಟು ಬೇರೆ ಕಾವಲಿಲ್ಲ.

ಪ್ರಶ್ನೆ: ಎಥಿಕ್ಸ್ ಕಮಿಟಿಗೆ ನಾನೂ ಸೇರಬಹುದಾ? ಗೃಹಿಣಿ. ಓದಿದ್ದು ಪಿಯುಸಿ.

ಉತ್ತರ: ಖಂಡಿತ ಸೇರಬಹುದು. ಭಾರತದ ನಿಯಮದಂತೆ ಕಮಿಟಿಯಲ್ಲಿ 7 ಜನವಾದರೂ ಇರಬೇಕು. ಅರ್ಧದಷ್ಟು ಜನ ಆ ಆಸ್ಪತ್ರೆಗೆ ಸಂಬಂಧವಿಲ್ಲದವರು, ಒಬ್ಬರಾದರೂ ಜನಸಾಮಾನ್ಯರು, ಒಬ್ಬರಾದರೂ ಮಹಿಳೆ. ಜನಸಾಮಾನ್ಯರ ಪ್ರತಿನಿಧಿ ಬಾರದಿದ್ದರೆ ಔಷಧಿ ಟ್ರಯಲ್‌ಗೆ ಒಪ್ಪಿಗೆ ಕೊಡಲು ಕೋರಂ (ಸಭೆಗೆ ಬೇಕೇಬೇಕಾದ ಹಾಜರಿ) ಆಗುವುದಿಲ್ಲ. ಸಂಶೋಧನೆ ನಡೆಸುವ ಯಾವುದೇ ಆಸ್ಪತ್ರೆಯ ಕಮಿಟಿಗೆ ಮೆಂಬರ್ ಸೆಕ್ರೆಟರಿ ಅಂತ ಒಬ್ಬರಿರುತ್ತಾರೆ. ಅವರಿಗೆ ಒಂದು ಪತ್ರ ಬರೆಯಿರಿ. ತರಬೇತಿ ಕೊಡುತ್ತಾರೆ.

ಮೊದಲ ಸಭೆಗೆ ಪೆನ್ಸಿಲ್ ತಗೊಂಡು ಹೋಗಿ. ಹಿಂದಿನ ರಾತ್ರಿಯೇ ಕನ್ನಡ ಫಾರಂ ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದ ಕಡೆಯೆಲ್ಲ ಗೆರೆ ಎಳೆಯಿರಿ. ಸಭೆಯಲ್ಲಿ ಉಳಿದವರು ಗಡಿಯಾರ ನೋಡಿದರೂ ಪರವಾಗಿಲ್ಲ, ಒಂದೊಂದು ಗೆರೆಯನ್ನೂ ಕೇಳಿ. ಏನಾಯಿತು ಅಂತ ನನಗೆ ಬರೆಯಿರಿ.